ಕಾಡು, ಕೆರೆ ಮತ್ತು ಕರಾರು: ವಿದೇಶಿ ನೆರವಿನ ಸಂರಕ್ಷಣಾ ಯೋಜನೆಗಳಿಂದ ವ್ಯಾಪಾರಸ್ಥರು ಕಲಿಯಬೇಕಾದ ಪಾಠ

ವಾಣಿಜ್ಯ ಪತ್ರಿಕೆಯೊಂದರಲ್ಲಿ ಕಾಡು ಮತ್ತು ಕೆರೆಗಳ ವಿಚಾರವೇಕೆ ಎಂಬ ಪ್ರಶ್ನೆ ಕೆಲವು ಸದಸ್ಯರಲ್ಲಿ ಮೂಡುವುದು ಸಹಜ. ಉತ್ತರವನ್ನು ನಮ್ಮ ಭಾಗದ ಭೂಗೋಳವೇ ಕೊಡುತ್ತದೆ. ಕೊಡಗಿನ ಬ್ರಹ್ಮಗಿರಿ ಶ್ರೇಣಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥವು ನಾಗರಹೊಳೆ ಅರಣ್ಯದ ಅಂಚಿನಲ್ಲಿ ಹಾದು, ಹನಗೋಡಿನ ಅಣೆಕಟ್ಟೆಯಲ್ಲಿ ಕಾಲುವೆಗಳಿಗೆ ನೀರು ಕೊಟ್ಟು, ಹುಣಸೂರು ಪಟ್ಟಣದ ಮೂಲಕ ಸಾಗಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹುಣಸೂರು ತಾಲ್ಲೂಕಿನ ನಾಲ್ಕು ಹೋಬಳಿಗಳ ಪೈಕಿ ಗಾವಡಗೆರೆ ಮತ್ತು ಬಿಳಿಕೆರೆ ಎಂಬ ಎರಡು ಹೋಬಳಿಗಳು ತಮ್ಮ ಹೆಸರಿನಲ್ಲಿಯೇ ಕೆರೆಯನ್ನು ಇರಿಸಿಕೊಂಡಿವೆ. ಪಿರಿಯಾಪಟ್ಟಣ, ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಹೊಗೆಸೊಪ್ಪು, ಕೃಷ್ಣರಾಜನಗರದ ಭತ್ತ, ಇವುಗಳನ್ನು ನಂಬಿರುವ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಲಾರಿ ಸಾಗಾಟ, ಇವೆಲ್ಲವೂ ಕಟ್ಟಕಡೆಗೆ ಈ ನೀರಿನ ಮತ್ತು ಈ ಕಾಡಿನ ಆಶ್ರಯದಲ್ಲಿಯೇ ನಡೆಯುವ ವ್ಯವಹಾರಗಳು.

ಇತ್ತೀಚಿನ ವರ್ಷಗಳಲ್ಲಿ ಈ ಆಶ್ರಯ ಅಲುಗಾಡುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗು ಮತ್ತು ಕಬಿನಿ ಕಣಿವೆಯಲ್ಲಿ ನೆರೆ ಬಂದಿತು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿಗೆ ಹತ್ತು ಸಾವಿರ ಎಕರೆಗೂ ಮಿಕ್ಕಿದ ಅರಣ್ಯ ಆಹುತಿಯಾಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇಂತಹ ಏರಿಳಿತಗಳನ್ನು ತಾಳಿಕೊಳ್ಳುವ ಶಕ್ತಿಯನ್ನು ಊರುಗಳಿಗೆ ತುಂಬಬೇಕೆಂಬ ಉದ್ದೇಶದಿಂದ ವಿಶ್ವಬ್ಯಾಂಕು ಮೊದಲಾದ ಅಂತರರಾಷ್ಟ್ರೀಯ ಸಂಸ್ಥೆಗಳು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಹಣ ನೀಡುತ್ತಾ ಬಂದಿವೆ. ಈ ಹಣ ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ, ಏಕೆ ಎಂಬುದನ್ನು ನಮ್ಮ ನೆರೆಹೊರೆಯ ಉದಾಹರಣೆಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡು ಪದಗಳ ಅರ್ಥ

ಸಮುದಾಯ ನೇತೃತ್ವದ ಸಂರಕ್ಷಣೆ ಎಂದರೆ, ಕಾಡು, ಕೆರೆ, ಗೋಮಾಳ ಮುಂತಾದ ಸಾಮೂಹಿಕ ಆಸ್ತಿಯನ್ನು ಅದನ್ನು ಬಳಸುವ ಜನರೇ ನಿಯಮ ಮಾಡಿಕೊಂಡು ಕಾಯುವುದು. ಇದು ಪರದೇಶದಿಂದ ಬಂದ ವಿಚಾರವಲ್ಲ. ಕೆರೆಯ ತೂಬು ತೆರೆದು ಮುಚ್ಚಿ ಪಾಳಿಯ ಮೇಲೆ ನೀರು ಹಂಚುತ್ತಿದ್ದ ನೀರುಗಂಟಿಯ ಪದ್ಧತಿ ನಮ್ಮಲ್ಲಿ ಶತಮಾನಗಳಿಂದ ಇದ್ದುದೇ ಆಗಿದೆ. ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಅವರು ಜಗತ್ತಿನ ಹಲವೆಡೆಯ ಇಂತಹ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ, ಬಳಕೆದಾರರೇ ರೂಪಿಸಿದ ನಿಯಮ, ಸ್ಪಷ್ಟವಾದ ಎಲ್ಲೆ, ತಪ್ಪಿಗೆ ತಕ್ಕ ದಂಡ ಇರುವ ಕಡೆ ಸಾಮೂಹಿಕ ಆಸ್ತಿ ಉಳಿಯುತ್ತದೆಂದು ತೋರಿಸಿದರು. 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆಯಾದರು.

ಹವಾಮಾನ ತಾಳಿಕೆ ಎಂದರೆ, ಬರ ಅಥವಾ ನೆರೆ ಬಂದು ಹೋದ ಮೇಲೆ ಮತ್ತೆ ಎದ್ದು ನಿಲ್ಲುವ ಸಾಮರ್ಥ್ಯ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಂದು ವರ್ಷದ ನಷ್ಟಕ್ಕೆ ಅಂಗಡಿ ಮುಚ್ಚದಂತೆ ಕಾಯ್ದಿರಿಸಿದ ನಿಧಿ. ಹೂಳಿಲ್ಲದ ಕೆರೆ, ಹಸಿರಿರುವ ಜಲಾನಯನ, ಸಂಘದ ಉಳಿತಾಯ ಇವೇ ಊರಿನ ಕಾಯ್ದಿರಿಸಿದ ನಿಧಿಗಳು.

2. ಹಣ ಬರುವ ದಾರಿ

ವಿದೇಶಿ ನೆರವು ಎಂದಾಕ್ಷಣ ಅದು ದಾನವೆಂದು ಭಾವಿಸಬಾರದು. ಅದರಲ್ಲಿ ಒಂದಂಶ ಅನುದಾನ, ಬಹ್ವಂಶ ಸಾಲ. ಸಾಲವನ್ನು ಸರ್ಕಾರ ಮರಳಿಸಬೇಕಾಗುತ್ತದೆ, ಅಂದರೆ ತೆರಿಗೆ ಕಟ್ಟುವ ನಾವೇ ಮರಳಿಸುತ್ತೇವೆ. ಆದ್ದರಿಂದ ಅದರ ಸದ್ವಿನಿಯೋಗದ ಬಗ್ಗೆ ಕೇಳುವ ಹಕ್ಕು ವರ್ತಕರಿಗೆ ಇದೆ.

ಕರ್ನಾಟಕದಲ್ಲಿ ಈ ಬಗೆಯ ಎರಡು ದೊಡ್ಡ ಯೋಜನೆಗಳು ನಡೆದವು. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆ ಮೊದಲನೆಯದು. 2002ರಲ್ಲಿ ಆರಂಭವಾಗಿ 2012ರಲ್ಲಿ ಮುಗಿದ, ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆಗಳ ಪುನಶ್ಚೇತನ ಮಾಡಿದ ಯೋಜನೆ ಎರಡನೆಯದು. ಎರಡಕ್ಕೂ ವಿಶ್ವಬ್ಯಾಂಕಿನ ನೆರವಿತ್ತು. ಎರಡರಲ್ಲಿಯೂ ಗ್ರಾಮಸ್ಥರ ಸಂಘ ರಚಿಸಿ, ಅವರಿಂದ ವಂತಿಗೆ ಪಡೆದು, ಕಾಮಗಾರಿಯನ್ನು ಅವರ ಮೂಲಕವೇ ಮಾಡಿಸುವುದು ಕ್ರಮವಾಗಿತ್ತು. ರಾಜ್ಯದಲ್ಲಿರುವ 36 ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಇಲಾಖೆಯೊಂದೇ ಕಾಯಲಾರದು ಎಂಬ ಅರಿವು ಇದರ ಹಿಂದಿತ್ತು.

ಎಚ್.ಡಿ. ಕೋಟೆಯಲ್ಲಿಯೂ ಕೆಲಸ ಮಾಡಿದ ಮೈರಾಡ ಸಂಸ್ಥೆಯ ಅನುಭವವನ್ನು ಇಲ್ಲಿ ಸ್ಮರಿಸಬೇಕು. ಎಂಬತ್ತರ ದಶಕದ ಮಧ್ಯದಲ್ಲಿ ಅದು ಬೆಳೆಸಿದ ಸಣ್ಣ ಉಳಿತಾಯ ಗುಂಪುಗಳಿಗೆ 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ ಆ ಪ್ರಯೋಗವೇ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಹೊರಗಿನ ಹಣಕ್ಕಿಂತ ಮೊದಲು ಗುಂಪಿನ ಸ್ವಂತ ಉಳಿತಾಯ ಮತ್ತು ಸ್ವಂತ ಲೆಕ್ಕಪುಸ್ತಕ ಇರಬೇಕೆಂಬ ನಿಯಮವೇ ಅದರ ಬಲವಾಗಿತ್ತು.

3. ನಾಗರಹೊಳೆಯ ಪ್ರಕರಣ

ನಮಗೆ ಅತ್ಯಂತ ಸಮೀಪದ ಮತ್ತು ಅತ್ಯಂತ ಕಠಿಣವಾದ ಪಾಠ ನಾಗರಹೊಳೆಯದು. ಸುಮಾರು 643 ಚದರ ಕಿಲೋಮೀಟರ್ ವಿಸ್ತಾರದ ಈ ರಾಷ್ಟ್ರೀಯ ಉದ್ಯಾನವು ಹುಣಸೂರು, ಎಚ್.ಡಿ. ಕೋಟೆ ಮತ್ತು ಕೊಡಗಿನ ಭಾಗಗಳಲ್ಲಿ ಹರಡಿದೆ. ಜೇನುಕುರುಬ, ಬೆಟ್ಟಕುರುಬ ಮತ್ತು ಯರವ ಸಮುದಾಯಗಳ ಹಾಡಿಗಳು ಈ ಕಾಡಿನ ಒಳಗೂ ಅಂಚಿನಲ್ಲಿಯೂ ಇದ್ದವು.

ವಿಶ್ವಬ್ಯಾಂಕು 1996ರಲ್ಲಿ ಭಾರತ ಪರಿಸರ ಅಭಿವೃದ್ಧಿ ಯೋಜನೆಗೆ ಮಂಜೂರಾತಿ ನೀಡಿತು. ಒಟ್ಟು ವೆಚ್ಚ ಸುಮಾರು 67 ದಶಲಕ್ಷ ಡಾಲರ್. ಇದರಲ್ಲಿ 28 ದಶಲಕ್ಷ ಸಾಲ, 20 ದಶಲಕ್ಷ ಜಾಗತಿಕ ಪರಿಸರ ನಿಧಿಯ ಅನುದಾನ. ದೇಶದ ಏಳು ಅರಣ್ಯಗಳನ್ನು ಇದಕ್ಕೆ ಆರಿಸಲಾಯಿತು: ಬಕ್ಸಾ, ಗಿರ್, ಪಾಲಾಮು, ಪೆಂಚ್, ಪೆರಿಯಾರ್, ರಣಥಂಬೋರ್ ಮತ್ತು ನಮ್ಮ ನಾಗರಹೊಳೆ. ಯೋಜನೆಯ ತರ್ಕ ಸರಳವಾಗಿತ್ತು. ಕಾಡಂಚಿನ ಕುಟುಂಬಗಳಿಗೆ ಹಸು, ಗೋಬರ್ ಅನಿಲ, ಹೊಲಿಗೆ ಯಂತ್ರ ಮುಂತಾದ ಪರ್ಯಾಯ ಜೀವನೋಪಾಯ ಒದಗಿಸಿದರೆ ಅವರು ಕಾಡಿನ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡಬೇಕು. ಕಾಮಗಾರಿಯ ವೆಚ್ಚದಲ್ಲಿ ಶೇಕಡಾ 25ರಷ್ಟನ್ನು ನಗದು ಅಥವಾ ಶ್ರಮದ ರೂಪದಲ್ಲಿ ಫಲಾನುಭವಿಗಳೇ ಭರಿಸಬೇಕು. ಇದಕ್ಕೆ ಪರಸ್ಪರ ಬದ್ಧತೆಯ ಒಪ್ಪಂದವೆಂದು ಹೆಸರು.

ವರ್ತಕರಾದ ನಾವು ಈ ಒಪ್ಪಂದವನ್ನು ಕರಾರಿನ ದೃಷ್ಟಿಯಿಂದ ನೋಡೋಣ. ಕರಾರು ಸಿಂಧುವಾಗಬೇಕಾದರೆ ಇಬ್ಬರು ಪಕ್ಷಗಾರರಿಗೂ ಕೊಡಲು ಏನಾದರೂ ಇರಬೇಕು, ಅದು ತಮ್ಮದೆಂದು ಹೇಳುವ ಹಕ್ಕೂ ಇರಬೇಕು. ಹಾಡಿಯ ಜನ ಬಿಟ್ಟುಕೊಡಬೇಕಾಗಿದ್ದುದು ಕಾಡಿನ ಬಳಕೆಯನ್ನು. ಆದರೆ ಆಗಿನ ಕಾನೂನಿನ ಕಣ್ಣಿನಲ್ಲಿ ಆ ಬಳಕೆ ಅವರ ಹಕ್ಕೇ ಆಗಿರಲಿಲ್ಲ, ಹೆಚ್ಚೆಂದರೆ ರಿಯಾಯಿತಿ. ತನ್ನದಲ್ಲವೆಂದು ಹೇಳಲ್ಪಟ್ಟ ವಸ್ತುವನ್ನು ಬಿಟ್ಟುಕೊಡುವಂತೆ ಒಬ್ಬನಿಂದ ರುಜು ಪಡೆದರೆ ಅದು ಕರಾರೆನಿಸುವುದೇ? ಇದಲ್ಲದೆ ಯೋಜನೆಯ ಬಹುಪಾಲು ಕಾರ್ಯಕ್ರಮಗಳು ಅಂಚಿನ ಹಳ್ಳಿಗಳಿಗೆ ಹೊಂದುವಂತಿದ್ದವೇ ಹೊರತು ಕಾಡಿನೊಳಗೇ ವಾಸಿಸುವವರಿಗಲ್ಲ.

1998ರ ಏಪ್ರಿಲ್‌ನಲ್ಲಿ ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿಯು ವಿಶ್ವಬ್ಯಾಂಕಿನ ತಪಾಸಣಾ ಮಂಡಲಿಗೆ ದೂರು ಸಲ್ಲಿಸಿತು. ನರ್ಮದಾ ಅಣೆಕಟ್ಟಿನ ವಿವಾದದ ಬಳಿಕ 1993ರಲ್ಲಿ ಸ್ಥಾಪಿತವಾದ ಈ ಮಂಡಲಿಯು, ಬ್ಯಾಂಕು ತನ್ನ ನಿಯಮಗಳನ್ನು ತಾನೇ ಮೀರಿದೆಯೇ ಎಂದು ಪರಿಶೀಲಿಸುವ ಸ್ವತಂತ್ರ ವ್ಯವಸ್ಥೆ. ಮೂಲನಿವಾಸಿಗಳಿಗೆ ಪ್ರತ್ಯೇಕ ಅಭಿವೃದ್ಧಿ ಯೋಜನೆ ಸಿದ್ಧಪಡಿಸಿಲ್ಲ, ತಮ್ಮೊಡನೆ ಸಮಾಲೋಚಿಸಿಲ್ಲ ಎಂಬುದು ದೂರಿನ ಸಾರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಂಡಲಿಯು, ನಾಗರಹೊಳೆಗೆ ಸಂಬಂಧಿಸಿದ ಮೂಲ ಊಹೆಗಳಲ್ಲಿಯೇ ದೋಷವಿರುವಂತೆ ಕಾಣುತ್ತದೆಂದು ಅಭಿಪ್ರಾಯಪಟ್ಟು ಪೂರ್ಣ ತನಿಖೆಗೆ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕ ಮಂಡಲಿ ತನಿಖೆಗೆ ಅನುಮತಿ ನೀಡದೆ, ಲೋಪ ಸರಿಪಡಿಸುವಂತೆ ಆಡಳಿತಕ್ಕೆ ಸೂಚಿಸಿ ಮುಗಿಸಿತು. ಯೋಜನೆ 2004ರಲ್ಲಿ ಮುಕ್ತಾಯವಾಯಿತು.

ಇದೇ ವರ್ಷಗಳಲ್ಲಿ ನಡೆದ ಇನ್ನೊಂದು ಸಂಗತಿ ವಾಣಿಜ್ಯೋದ್ಯಮಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಉದ್ಯಾನದೊಳಗೆ ಪ್ರವಾಸಿ ವಸತಿಗೃಹ ನಡೆಸಲು ಖಾಸಗಿ ಹೋಟೆಲ್ ಸಂಸ್ಥೆಯೊಂದಕ್ಕೆ ನೀಡಲಾಗಿದ್ದ ಗುತ್ತಿಗೆಯನ್ನು ಸ್ಥಳೀಯ ಆದಿವಾಸಿಗಳು ಮತ್ತು ಅವರ ಬೆಂಬಲಿಗರು ಪ್ರಶ್ನಿಸಿದರು. 1997ರಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪು ನೀಡಿತು. ಕಟ್ಟಡಕ್ಕೆ ಹಾಕಿದ ಬಂಡವಾಳ ಫಲ ಕೊಡಲಿಲ್ಲ. ಸರ್ಕಾರದ ಅನುಮತಿ ಪತ್ರವಿದ್ದ ಮಾತ್ರಕ್ಕೆ ಹೂಡಿಕೆ ಸುರಕ್ಷಿತವಲ್ಲ, ಸ್ಥಳದ ಜನರ ಸಮ್ಮತಿಯೂ ಹೂಡಿಕೆಯ ಒಂದು ಭದ್ರತೆಯೆಂಬುದನ್ನು ಈ ಪ್ರಕರಣ ತೋರಿಸಿತು.

ಕಾಡಿನಿಂದ ಹೊರಬಂದ ಕುಟುಂಬಗಳ ಪೈಕಿ ಅನೇಕರನ್ನು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ ಮತ್ತು ಐದು ಎಕರೆ ಜಮೀನು ನೀಡಿ ನೆಲೆಗೊಳಿಸಲಾಯಿತು. ಉಚ್ಚ ನ್ಯಾಯಾಲಯವು ರಚಿಸಿದ, ಪ್ರೊ. ಮುಜಾಫರ್ ಅಸ್ಸಾದಿ ಅವರ ಅಧ್ಯಕ್ಷತೆಯ ಸಮಿತಿಯು 2014ರಲ್ಲಿ ವರದಿ ಸಲ್ಲಿಸಿ, ಸ್ಥಳಾಂತರಗೊಂಡ 3,418 ಆದಿವಾಸಿ ಕುಟುಂಬಗಳಿಗೆ ಪುನರ್ವಸತಿ ಸಲ್ಲಬೇಕೆಂದು ಹೇಳಿತು. 2025ರ ಮೇ ತಿಂಗಳಲ್ಲಿ ಉದ್ಯಾನದ ಕೊಡಗಿನ ಭಾಗದಲ್ಲಿ ಜೇನುಕುರುಬ ಕುಟುಂಬಗಳು ಹಕ್ಕುಪತ್ರ ಕೇಳುತ್ತಾ ತಮ್ಮ ಹಳೆಯ ಜಾಗಕ್ಕೆ ಮರಳಿ ಗುಡಿಸಲು ಕಟ್ಟಿದವು. ಯೋಜನೆ ಮುಗಿದು ಎರಡು ದಶಕಗಳಾದ ಮೇಲೂ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ.

ಇಷ್ಟನ್ನು ಹೇಳಿ, ಅದೇ ಯೋಜನೆ ಕೇರಳದ ಪೆರಿಯಾರ್‌ನಲ್ಲಿ ಬೇರೆ ಫಲ ನೀಡಿತೆಂಬುದನ್ನೂ ಹೇಳಬೇಕು. ಅಲ್ಲಿ ದಾಲ್ಚಿನ್ನಿ ತೊಗಟೆಯನ್ನು ಕದ್ದು ಸಾಗಿಸುತ್ತಿದ್ದವರೇ ಸಮಿತಿ ಕಟ್ಟಿಕೊಂಡು ಪ್ರವಾಸಿಗರ ಮಾರ್ಗದರ್ಶಕರೂ ಕಾಡಿನ ಕಾವಲುಗಾರರೂ ಆದರು. ವಿದೇಶಿ ಹಣ ನಿಂತ ಬಳಿಕವೂ ಕೆಲಸ ನಡೆಯಲೆಂದು 2004ರಲ್ಲಿ ಪೆರಿಯಾರ್ ಪ್ರತಿಷ್ಠಾನ ಸ್ಥಾಪನೆಯಾಯಿತು. ಅಲ್ಲಿ ಸಮಿತಿಗಳಿಗೆ ಪ್ರವಾಸೋದ್ಯಮದಿಂದ ಪ್ರತಿ ತಿಂಗಳೂ ಬರುವ ವರಮಾನವಿತ್ತು. ಒಮ್ಮೆ ಹಂಚಿ ಮುಗಿಯುವ ಸಲಕರಣೆಗೂ, ಕಾಡು ಉಳಿದಷ್ಟು ಕಾಲ ಬರುವ ಆದಾಯಕ್ಕೂ ಇರುವ ವ್ಯತ್ಯಾಸವೇ ಎರಡು ಫಲಗಳ ನಡುವಿನ ಒಂದು ಮುಖ್ಯ ವ್ಯತ್ಯಾಸ.

4. ಬಿಳಿಗಿರಿರಂಗನ ಬೆಟ್ಟದ ಅನುಭವ

ನೆರೆಯ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿಕಾಯಿ, ಪಾಚಿ ಮುಂತಾದವನ್ನು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತಿದ್ದರು. ತೊಂಬತ್ತರ ದಶಕದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ವಿಜ್ಞಾನಿಗಳೊಡನೆ ಸೇರಿ, ಅಮೆರಿಕದ ನೆರವಿನಿಂದ, ಈ ಉತ್ಪನ್ನಗಳನ್ನು ಅಲ್ಲಿಯೇ ಸಂಸ್ಕರಿಸಿ ಮಾರುವ ಘಟಕವನ್ನು ನಡೆಸಿತು. ಮರಕ್ಕೆ ಹಾನಿಯಾಗದಂತೆ ಎಷ್ಟು ಕಾಯಿ ಕೀಳಬಹುದು ಎಂಬುದನ್ನು ಸಂಗ್ರಹಕಾರರೇ ಅಂದಾಜು ಮಾಡುವ ಕ್ರಮವೂ ಬೆಳೆಯಿತು.

ಆದರೆ ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ನಿಷೇಧ ಬಂದು, ಕಟ್ಟಿದ ಉದ್ಯಮಕ್ಕೆ ಕಚ್ಚಾ ಮಾಲೇ ಇಲ್ಲದಂತಾಯಿತು. ಹಕ್ಕಿನ ಬುನಾದಿಯಿಲ್ಲದ ಉದ್ಯಮ ಒಂದು ಆದೇಶದಿಂದ ನಿಂತುಹೋಗಬಲ್ಲದು ಎಂಬುದಕ್ಕೆ ಇದು ನಿದರ್ಶನ. 2006ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ 2011ರ ಅಕ್ಟೋಬರ್ 2ರಂದು 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತ ಬಳಿಕ ಸಂಗ್ರಹಕ್ಕೆ ಕಾನೂನಿನ ಆಧಾರ ಬಂದಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲು.

ಸೋಲಿಗರ ತಿಳಿವಳಿಕೆಯ ಒಂದು ಅಂಶ ಹವಾಮಾನದ ದೃಷ್ಟಿಯಿಂದಲೂ ಗಮನಾರ್ಹ. ಬೇಸಿಗೆಯ ಆರಂಭದಲ್ಲಿಯೇ ನೆಲದ ಒಣ ಎಲೆಗೆ ಸಣ್ಣದಾಗಿ ಹಚ್ಚುತ್ತಿದ್ದ ತರಗು ಬೆಂಕಿಯಿಂದ ಲಂಟಾನದ ಪೊದೆ ಹಬ್ಬುತ್ತಿರಲಿಲ್ಲ ಎಂಬುದು ಅವರ ವಾದ. ಅದು ನಿಂತ ಮೇಲೆ ಲಂಟಾನ ದಟ್ಟವಾಗಿ ಬೆಳೆದು, ಬೇಸಿಗೆಯ ಕೊನೆಯಲ್ಲಿ ಹೊತ್ತುವ ದೊಡ್ಡ ಬೆಂಕಿಗೆ ಇಂಧನವಾಗುತ್ತಿದೆ ಎನ್ನುತ್ತಾರೆ. ಸಂಶೋಧಕರೂ ಈ ವಾದವನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಇದೇ ಲಂಟಾನದ ಕಡ್ಡಿಯಿಂದ ಪೀಠೋಪಕರಣ ತಯಾರಿಸುವ ಕಸುಬು ಮಲೆ ಮಹದೇಶ್ವರ ಬೆಟ್ಟದಲ್ಲಿ ಬೆಳೆದಿದೆ. ನೀಲಗಿರಿ ಭಾಗದ ಬೆಟ್ಟಕುರುಬ, ಸೋಲಿಗ ಮೊದಲಾದ ಕುಶಲಕರ್ಮಿಗಳು ಹೆಣೆದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪ್ರದರ್ಶನಗೊಂಡವು.

5. ನಮ್ಮದೇ ಲೆಕ್ಕ: ಬ್ಯಾರನ್‌ನ ಸೌದೆ

ಕಾಡನ್ನು ಅವಲಂಬಿಸಿದವರು ಹಾಡಿಯ ಜನ ಮಾತ್ರವೆಂದು ಭಾವಿಸುವುದು ನ್ಯಾಯವಲ್ಲ. ವರ್ಜೀನಿಯಾ ತಂಬಾಕನ್ನು ಹದಗೊಳಿಸಲು ಬ್ಯಾರನ್‌ಗಳಲ್ಲಿ ಸೌದೆ ಉರಿಸಬೇಕು. ಸಾಂಪ್ರದಾಯಿಕ ಬ್ಯಾರನ್‌ನಲ್ಲಿ ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕರಿಂದ ಐದು ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಅಂದಾಜು. 2023-24ರ ಹಂಗಾಮಿಗೆ ತಂಬಾಕು ಮಂಡಳಿ ಕರ್ನಾಟಕಕ್ಕೆ ಹತ್ತು ಕೋಟಿ ಕಿಲೋ ಬೆಳೆಗೆ ಅನುಮತಿ ನೀಡಿತ್ತು. ಅಷ್ಟು ಸೊಪ್ಪಿಗೆ ಈ ಲೆಕ್ಕದಲ್ಲಿ ನಾಲ್ಕರಿಂದ ಐದು ಲಕ್ಷ ಟನ್ ಸೌದೆ ಬೇಕು. ಹತ್ತು ಟನ್ನಿನ ಲಾರಿಯಾದರೆ ನಲವತ್ತರಿಂದ ಐವತ್ತು ಸಾವಿರ ಲೋಡು. ಬ್ಯಾರನ್‌ನ ಗೋಡೆ ಮತ್ತು ಮಾಡಿಗೆ ಶಾಖ ಸೋರದಂತೆ ಹೊದಿಕೆ, ಸುಧಾರಿತ ಒಲೆ, ಕಾಫಿ ಹೊಟ್ಟಿನ ಇಟ್ಟಿಗೆ ಇವುಗಳಿಂದ ಕಿಲೋಗೆ ಒಂದೇ ಕಿಲೋ ಸೌದೆ ಉಳಿಸಿದರೂ ವರ್ಷಕ್ಕೆ ಒಂದು ಲಕ್ಷ ಟನ್, ಅಂದರೆ ಹತ್ತು ಸಾವಿರ ಲೋಡು ಉಳಿಯುತ್ತದೆ. ಒಲೆ, ಹೊದಿಕೆ, ಇಟ್ಟಿಗೆ ತಯಾರಿಸುವ ಸಣ್ಣ ಕೈಗಾರಿಕೆಗಳಿಗೆ ಇದು ಅವಕಾಶವೂ ಹೌದು.

ಜೊತೆಗೆ, ಭಾರತವು 2004ರಲ್ಲಿ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅನುಮೋದಿಸಿದೆ. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಮತ್ತು ಪರಿಸರ ರಕ್ಷಣೆಯ ವಿಧಿಗಳು ಅದರಲ್ಲಿವೆ. ಹಾಡಿಯ ಕುಟುಂಬಕ್ಕೆ ಪರ್ಯಾಯ ಹುಡುಕಿಕೊಳ್ಳಿ ಎಂದು ಹೇಳಿದ ಮಾತನ್ನೇ ಒಂದು ದಿನ ನಮ್ಮ ರೈತರಿಗೂ ವರ್ತಕರಿಗೂ ಹೇಳಲಾಗುವುದು. ಆ ದಿನ ನಮ್ಮನ್ನು ಕೇಳಿ ನಿರ್ಧರಿಸಬೇಕೆಂದು ನಾವು ಬಯಸುವೆವಾದರೆ, ಇಂದು ಅವರನ್ನು ಕೇಳಿ ನಿರ್ಧರಿಸುವುದು ನ್ಯಾಯವೆಂದು ಒಪ್ಪಬೇಕಾಗುತ್ತದೆ.

6. ಯೋಜನೆಯನ್ನು ಅಳೆಯುವ ನಾಲ್ಕು ಪ್ರಶ್ನೆಗಳು

ಹವಾಮಾನ ಹಣಕಾಸು ಇನ್ನು ಮುಂದೆ ಹೆಚ್ಚಾಗುವ ಸಂಭವವಿದೆ. ಹಸಿರು ಹವಾಮಾನ ನಿಧಿಯಿಂದ ನೇರವಾಗಿ ಹಣ ಪಡೆಯಲು ನಬಾರ್ಡ್ 2015ರಿಂದ ಮಾನ್ಯತೆ ಹೊಂದಿದೆ. ಆದರೆ 2003ರಿಂದ 2016ರವರೆಗೆ ಜಾಗತಿಕ ಹವಾಮಾನ ನಿಧಿಗಳು ಮಂಜೂರು ಮಾಡಿದ ಹಣದಲ್ಲಿ ಸ್ಥಳೀಯ ಮಟ್ಟದ ಕೆಲಸಕ್ಕೆ ಮೀಸಲಾದುದು ಶೇಕಡಾ 10ಕ್ಕಿಂತ ಕಡಿಮೆ ಎಂದು ಲಂಡನ್ನಿನ ಅಂತರರಾಷ್ಟ್ರೀಯ ಪರಿಸರ ಮತ್ತು ಅಭಿವೃದ್ಧಿ ಸಂಸ್ಥೆ ಲೆಕ್ಕ ಹಾಕಿದೆ. 2021ರ ಜನವರಿಯಲ್ಲಿ ಪ್ರಕಟವಾದ ಸ್ಥಳೀಯ ನೇತೃತ್ವದ ಹೊಂದಾಣಿಕೆಯ ಎಂಟು ತತ್ತ್ವಗಳು ನಿರ್ಧಾರವನ್ನು ಅತ್ಯಂತ ಕೆಳಗಿನ ಸೂಕ್ತ ಹಂತಕ್ಕೆ ಬಿಡಬೇಕು, ಹಣ ತಾಳ್ಮೆಯದೂ ನಿಶ್ಚಿತವಾದುದೂ ಆಗಿರಬೇಕು ಎನ್ನುತ್ತವೆ. ನಮ್ಮ ತಾಲ್ಲೂಕುಗಳಿಗೆ ಇಂತಹ ಯೋಜನೆ ಬಂದಾಗ ಸದಸ್ಯರು ಈ ಪ್ರಶ್ನೆಗಳನ್ನು ಕೇಳಬಹುದು:

ಒಂದು, ಹಕ್ಕು ಯಾರದು? ಕಾಡು, ಕೆರೆ ಅಥವಾ ಮೀನಿನ ಮೇಲೆ ಸಂಘಕ್ಕೆ ಲಿಖಿತ ಹಕ್ಕಿದೆಯೇ, ಅಥವಾ ಅಧಿಕಾರಿ ಬದಲಾದರೆ ಹೋಗುವ ರಿಯಾಯಿತಿಯೇ?

ಎರಡು, ನಿರ್ಧಾರ ಯಾರದು? ಯೋಜನೆಯ ಪಟ್ಟಿ ಗ್ರಾಮಸಭೆಯಲ್ಲಿ ಸಿದ್ಧವಾಯಿತೇ, ಅಥವಾ ಸಿದ್ಧವಾದ ಪಟ್ಟಿಗೆ ರುಜು ಪಡೆಯಲಾಯಿತೇ?

ಮೂರು, ಲೆಕ್ಕ ಎಲ್ಲಿದೆ? ಸಂಘದ ಪುಸ್ತಕ ಊರಿನಲ್ಲಿಯೇ ಇದ್ದು ಸದಸ್ಯರು ಅದನ್ನು ಓದಬಲ್ಲರೇ?

ನಾಲ್ಕು, ಹಣ ನಿಂತ ಮೇಲೆ ಏನು? ಏರಿ ದುರಸ್ತಿಗೆ, ಕಾವಲಿಗೆ ಪ್ರತಿ ವರ್ಷ ಬರುವ ಸ್ವಂತ ಆದಾಯ ಯಾವುದು?

ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಮೂರು ಹೆಚ್ಚು ದಿನ ನಿಲ್ಲಲಾರವು ಎಂಬುದೇ ನಾಗರಹೊಳೆ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಅನುಭವದ ಸಾರ.

7. ವರ್ತಕರು ಮಾಡಬಹುದಾದುದು

ಅರಣ್ಯ ಹಕ್ಕು ಕಾಯಿದೆಯಂತೆ ಜೇನು, ಮೇಣ, ನೆಲ್ಲಿಕಾಯಿ, ಬಿದಿರು ಮುಂತಾದ ಕಿರು ಅರಣ್ಯ ಉತ್ಪನ್ನಗಳ ಒಡೆತನ ಹಕ್ಕುದಾರರದು. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಸಾಗಾಟ ಪರವಾನಗಿ ನೀಡುವ ಅಧಿಕಾರವನ್ನು ಗ್ರಾಮಸಭೆಯ ಸಮಿತಿಗೆ ಕೊಟ್ಟಿವೆ. ಹೀಗಾಗಿ ಇಂತಹ ಮಾಲನ್ನು ಮಧ್ಯವರ್ತಿಯಿಂದ ಕೊಳ್ಳುವ ಬದಲು ಲ್ಯಾಂಪ್ಸ್ ಸಂಘದಿಂದಲೋ ಗ್ರಾಮಸಭೆಯ ಸಮಿತಿಯಿಂದಲೋ ರಸೀದಿ ಸಹಿತ ಕೊಳ್ಳುವುದು ಕಾನೂನಿಗೂ ಸರಿ, ಬೆಲೆಗೂ ಸರಿ. 2013-14ರಿಂದ ಕೇಂದ್ರ ಸರ್ಕಾರ ಈ ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯನ್ನೂ ನಿಗದಿಪಡಿಸುತ್ತಿದೆ.

ಹೊರದೇಶದ ಖರೀದಿದಾರರೂ ಈಗ ಮಾಲಿನ ಮೂಲವನ್ನು ಕೇಳತೊಡಗಿದ್ದಾರೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದಂತೆ, 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಮೀನಿನ ಕಾಫಿ, ರಬ್ಬರ್, ಮರ ಮೊದಲಾದವು ಅಲ್ಲಿನ ಮಾರುಕಟ್ಟೆಗೆ ಹೋಗಲಾರವು. ತೋಟದ ನಿಖರ ಸ್ಥಳವನ್ನು ದಾಖಲಿಸಬೇಕು. ಎರಡು ಬಾರಿ ಮುಂದೂಡಲ್ಪಟ್ಟ ಈ ನಿಯಮದ ಜಾರಿಯನ್ನು ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30ಕ್ಕೆ, ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30ಕ್ಕೆ ನಿಗದಿಪಡಿಸಲಾಗಿದೆ. ಹುಣಸೂರು ಮತ್ತು ಕುಶಾಲನಗರದ ಕಾಫಿ ಸಂಸ್ಕರಣಾ ಘಟಕಗಳಿಗೆ ಸರಕು ಒದಗಿಸುವವರು ಈಗಿನಿಂದಲೇ ದಾಖಲೆ ಇಡುವುದು ಒಳಿತು.

ಕೆರೆಯ ವಿಷಯದಲ್ಲಿಯೂ ವರ್ತಕರ ಪಾತ್ರವಿದೆ. ಹೂಳೆತ್ತುವ ದಿನ ಭಾವಚಿತ್ರ ತೆಗೆಸಿಕೊಳ್ಳುವುದಕ್ಕಿಂತ, ಬಳಕೆದಾರರ ಸಂಘಕ್ಕೆ ಲೆಕ್ಕ ಬರೆಯಲು, ಲೆಕ್ಕ ಪರಿಶೋಧನೆ ಮಾಡಿಸಲು ನೆರವಾಗುವುದು ಹೆಚ್ಚು ಪ್ರಯೋಜನಕರ. ನಮ್ಮಲ್ಲಿ ಹೇರಳವಾಗಿರುವ ವಿದ್ಯೆ ಅದೇ ತಾನೇ?

ಸಾಲ ತಂದವರು ಮರಳಿ ಹೋಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ. ಲಕ್ಷ್ಮಣತೀರ್ಥದ ದಂಡೆಯಲ್ಲಿ ಉಳಿಯುವವರು ಹಾಡಿಯ ಜನ, ರೈತರು ಮತ್ತು ಅವರೊಡನೆ ವ್ಯವಹರಿಸುವ ನಾವು. ಉಳಿಯುವವರ ನಡುವಿನ ಕರಾರು ನ್ಯಾಯವಾಗಿದ್ದರೆ ಮುಂದಿನ ಬರವನ್ನು ತಾಳಿಕೊಳ್ಳುವ ಶಕ್ತಿ ಊರಿನಲ್ಲಿಯೇ ಹುಟ್ಟುತ್ತದೆ. ಹೊರಗಿನ ಹಣ ಅದಕ್ಕೆ ಬೆಂಬಲವಾಗಬಹುದೇ ಹೊರತು ಬದಲಿಯಾಗಲಾರದು.